ಒಂದೇ ಸಾಲಿನ ರಿಪೇರಿ

ಶಾಲೆಗಳ ಹಳೆಯ ಕಂಪ್ಯೂಟರುಗಳಿಗೆಂದು ನಾವು ಏಳೆಂಟು ಜನ ಕೂಡಿ ಕಟ್ಟಿದ ಆಪರೇಟಿಂಗ್ ಸಿಸ್ಟಂ ಅದು. ಪುಕ್ಕಟೆ ಹಂಚುತ್ತಿದ್ದೆವು. ಆದರೆ ಅದನ್ನು ಕಂಪ್ಯೂಟರಿಗೆ ತುಂಬುವ ಇನ್‌ಸ್ಟಾಲರ್ ಇತ್ತೀಚೆಗೆ ಅನಾಹುತ ಮಾಡತೊಡಗಿತ್ತು. ಕಂಪ್ಯೂಟರಿನಲ್ಲಿ ಎರಡು ಡಿಸ್ಕ್ ಇದ್ದರೆ, ಖಾಲಿ ಇದ್ದುದನ್ನು ಬಿಟ್ಟು ತುಂಬಿದ್ದನ್ನೇ ಅಳಿಸಿಹಾಕುತ್ತಿತ್ತು. ಒಂದು ಶಾಲೆಯ ಹತ್ತು ವರ್ಷದ ದಾಖಲೆಗಳು ಹಾಗೆಯೇ ಹೋದವು.

ನಾನು ಮೂರು ವಾರ ಹುಡುಕಿದರೂ ತಪ್ಪು ಸಿಗಲಿಲ್ಲ. ಮೊನ್ನೆ ಮೊನ್ನೆ ತಂಡ ಸೇರಿದ ಶಾಲ್ಮಲಾ ಒಂದೇ ದಿನದಲ್ಲಿ ಸರಿಮಾಡಿದಳು. ಅದೂ ಕೋಡಿನಲ್ಲಿ ಒಂದೇ ಒಂದು ಸಾಲು ಸೇರಿಸಿ: ಡಿಸ್ಕನ್ನು ಅದು ಕಂಡ ಕ್ರಮದಿಂದಲ್ಲ, ಅದರ ಸೀರಿಯಲ್ ನಂಬರಿನಿಂದ ಗುರುತಿಸು.

"ಏನ್ ತಲಿ ರೀ ಸರ್ ಆಕೀದು!" ಎಂದು ಎಲ್ಲರೂ ನನ್ನೆದುರಿಗೇ ಹೊಗಳಿದರು. ನನ್ನ ಹೊಟ್ಟೆ ಉರಿದುಹೋಯಿತು.

ಪರಿಶೀಲಿಸಿ ಒಪ್ಪಿಗೆ ಕೊಡುವ ಕೆಲಸ ನನ್ನದು. ಒಮ್ಮೆಯೂ ಓಡಿಸಿ ನೋಡದೆ, ತಂಡಕ್ಕೆಲ್ಲ ಕಾಣುವಂತೆ ಬರೆದೆ: "ಈ ಸಾಲು ಬರೆದವರಿಗೆ ಡಿಸ್ಕ್ ಅಂದರೇನು ಎಂಬುದೇ ಗೊತ್ತಿಲ್ಲ. ರಿಜೆಕ್ಟ್."

ಸಂಜೆ ಅವಳ ಫೋನ್ ಬಂತು. ಅಳುತ್ತಾಳೆಂದು ಕಾದೆ.

"ಸರ್, ನೀವು ಬರದದ್ದನ್ನ ಲಗೂನ ಅಳಿಸಿಬಿಡ್ರಿ."

"ಯಾಕ? ಖರೇ ಹೇಳಿದ್ರ ಸಿಟ್ಟು ಬಂತೇನವಾ?"

"ಹಂಗಲ್ರೀ. ಆ ಸಾಲು ನಂದಲ್ಲ. ಎಂಟು ವರ್ಷದ ಹಿಂದಿನ ಆವೃತ್ತಿಯೊಳಗ ಇತ್ತು, ಇತ್ತೀಚಿಗೆ ಯಾರೋ ತಪ್ಪಿ ತಗದಿದ್ರು. ನಾ ಬರೇ ವಾಪಸ್ ಹಾಕೀನಿ."

"ಮತ್ತ ಯಾವ ಶಾಣ್ಯಾ ಬರದಿದ್ದ ಅದನ್ನ?"



"ನೀವ ರೀ, ಸರ್."