ಪೊರೆಯ ಲೆಕ್ಕ

ಬ್ಯಾಗಿನಲ್ಲಿದ್ದ ಜೆರಾಕ್ಸ್ ಹಾಳೆಗಳನ್ನು ಹೊರತೆಗೆಯಲು ಸುಘೋಷನಿಗೆ ಧೈರ್ಯ ಬರಲಿಲ್ಲ. ಶಿವಮೊಗ್ಗದಿಂದ ಬಸ್ಸಿನಲ್ಲಿ ಭದ್ರಾವತಿಯ ಓಲ್ಡ್ ಟೌನಿಗೆ ಬಂದು, ಹಿರಿಯಣ್ಣ ಮೇಷ್ಟ್ರ ಜಗಲಿಯಲ್ಲಿ ಕೂತು, ಅವರ ಹೆಂಡತಿ ಸೀತಾಲಕ್ಷ್ಮಿ ಕೊಟ್ಟ ಎರಡನೇ ಲೋಟ ಕಾಫಿಯನ್ನೂ ಮುಗಿಸಿದ್ದ.

ಕಾಲೇಜಿನಲ್ಲಿ ಅವನಿಗೆ ಭೌತಶಾಸ್ತ್ರ ಕಲಿಸಿದ ಮೇಷ್ಟ್ರು ಎಂಟು ವರ್ಷಗಳಿಂದ ಒಂದೇ ಲೆಕ್ಕದ ಹಿಂದೆ ಬಿದ್ದಿದ್ದರು. ತೀರಾ ತೆಳುವಾದ ಒಂದು ಪೊರೆ ಬಿಸಿಗೆ ನಡುಗುತ್ತದೆ. ಅದು ಮುದುಡಿ ಉಂಡೆಯಾಗುತ್ತದೆಯೋ, ಹರಡಿಕೊಂಡೇ ಉಳಿಯುತ್ತದೆಯೋ? ಸಣ್ಣ ಸುಕ್ಕುಗಳನ್ನು ಲೆಕ್ಕದಲ್ಲಿ ಕರಗಿಸಿ, ಸ್ವಲ್ಪ ದೂರದಿಂದ ನೋಡಬೇಕು. ಉಳಿದವನ್ನು ಕರಗಿಸಿ ಇನ್ನೂ ದೂರದಿಂದ ನೋಡಬೇಕು. ಹಾಗೆ ನೋಡುತ್ತ ಹೋದಾಗ ಆ ಸುಕ್ಕುಗಳೇ ಪೊರೆಯನ್ನು ಗಟ್ಟಿ ಮಾಡುವುದು ಕಂಡಿತು. ಎಷ್ಟರಮಟ್ಟಿಗೆ ಎಂದು ಹೇಳುವ ಸಂಖ್ಯೆಯೂ ಸಿಕ್ಕಿತು: 0.82. ಹೋದ ತಿಂಗಳು ಅದನ್ನು ಸುಘೋಷನಿಗೆ ತೋರಿಸಿ, "ಟೈಪ್ ಮಾಡಿಸಿ ಎಲ್ಲಿಗಾದ್ರೂ ಕಳಿಸೋಣ ಕಣಯ್ಯ" ಎಂದಿದ್ದರು.

"ಏನೋ ತಂದಿದೀಯ. ಕೊಡು ಮಾರಾಯ," ಎಂದರು ಮೇಷ್ಟ್ರು.

ಸುಘೋಷ ಹಾಳೆಗಳನ್ನು ಕೊಟ್ಟ. "ಬೆಂಗಳೂರಲ್ಲಿ ಲೈಬ್ರರೀಲಿ ಸಿಕ್ತು ಸಾರ್. ಹೊರದೇಶದ ಇಬ್ರು ಇದೇ ಲೆಕ್ಕ ಮಾಡಿ ಬರೆದಿದಾರೆ. ಹೋದ ವರ್ಷಾನೇ ಪ್ರಿಂಟ್ ಆಗಿದೆ."

ಮೇಷ್ಟ್ರು ಒಳಗಿನಿಂದ ತಮ್ಮ ನೋಟ್‌ಬುಕ್ಕು ತಂದು ಪಕ್ಕದಲ್ಲಿಟ್ಟುಕೊಂಡು, ಒಂದೊಂದು ಸಮೀಕರಣದ ಮೇಲೂ ಬೆರಳಿಟ್ಟು ಓದಿದರು. ಅರ್ಧ ಗಂಟೆಯ ಮೇಲೆ ಕೊನೆಯ ಹಾಳೆಯಲ್ಲಿ ಬೆರಳು ನಿಂತಿತು.

"ಪಾಯಿಂಟ್ ಎಂಟು ಎರಡು," ಎಂದರು ಮೆಲ್ಲಗೆ.

"ನಾನು ಮೊದಲೇ ಹುಡುಕಬೇಕಿತ್ತು ಸಾರ್. ನಿಮ್ಮ ಹೆಸರು ಬರ್ಬೇಕಿತ್ತು."

"ಬಂದಿದ್ರೆ ಚೆನ್ನಾಗೇ ಇರ್ತಿತ್ತು." ಮೇಷ್ಟ್ರು ಮತ್ತೊಮ್ಮೆ ಹಾಳೆ ನೋಡಿದರು. "ಅವ್ರು ಬೇರೆ ದಾರೀಲಿ ಬಂದಿದಾರೆ ಕಣಯ್ಯ. ಆದ್ರೂ ಎಂಟು ಎರಡೇ." ಅವರ ಮುಖದಲ್ಲಿ ನಗು ಮೂಡುತ್ತಿತ್ತು. ಸುಘೋಷನಿಗೆ ಅರ್ಥವಾಗಲಿಲ್ಲ.

ಸೀತಾಲಕ್ಷ್ಮಿ ಬಾಗಿಲಿಗೆ ಬಂದರು. "ಏನಂತೆ?"

"ಸರಿ ಇದೆಯಂತೆ," ಎಂದರು ಮೇಷ್ಟ್ರು. "ಎಂಟು ವರ್ಷದಿಂದ ಇದು ಸರಿಯೋ ತಪ್ಪೋ ಅಂತ ಕೇಳೋಕೆ ಈ ಊರಲ್ಲಿ ಯಾರೂ ಇರ್ಲಿಲ್ಲ. ಇವತ್ತು ಇವ್ರಿಬ್ರು ಹೇಳಿದ್ರು."

ಅವರು ಗೂಡಿನಲ್ಲಿದ್ದ ಕೆಂಪು ಪೆನ್ನು ತೆಗೆದು, ಬರೆಯುತ್ತದೆಯೇ ಎಂದು ಅಂಗೈ ಮೇಲೆ ಗೀಚಿ ನೋಡಿ, ನೋಟ್‌ಬುಕ್ಕಿನ ಜೊತೆಗೆ ಸುಘೋಷನ ಮುಂದಿಟ್ಟರು.

"ಮೂವತ್ತು ವರ್ಷ ನಿಮಗೆಲ್ಲ ನಾನೇ ಹಾಕಿದೀನಿ. ಇದಕ್ಕೊಂದು ರೈಟ್ ನೀನು ಹಾಕು."