ಚುಕ್ಕೆಯ ದೂರ

"ಒರಸಬ್ಯಾಡ," ಎಂದು ಮಹಾದೇವಮ್ಮ ಮೊಮ್ಮಗಳ ಕೈ ಹಿಡಿದಳು. ತೀರಿಹೋದ ಮುತ್ಯಾನ, ಅಂದರೆ ಅಜ್ಜನ, ಹಳೆಯ ಲೆನ್ಸನ್ನು ಅಡಾಪ್ಟರ್ ಹಾಕಿ ತನ್ನ ಡಿಜಿಟಲ್ ಕ್ಯಾಮೆರಾಕ್ಕೆ ಕೂರಿಸಿದ್ದ ಭಾಗ್ಯಶ್ರೀ, ಫೋಕಸ್ ಬಳೆಯ ಮೇಲಿನ ಕೆಂಪು ಚುಕ್ಕೆಯನ್ನು ಆಯುಧಪೂಜೆಯ ಕುಂಕುಮ ಎಂದುಕೊಂಡಿದ್ದಳು. "ಅದು ನನ್ನ ಉಗುರಿನ ಬಣ್ಣ. ನಿಮ್ಮ ಮುತ್ಯಾ ಗುರ್ತಿಗಂತ ಹಚ್ಚಿದ್ರು. ಆ ಚುಕ್ಕಿ ಲೆನ್ಸಿನ ಗೀಟಿಗೆ ಬರೂಹಂಗ ಬಳಿ ತಿರುವಿ ನಿಲ್ಲಸು."

ಭಾಗ್ಯಶ್ರೀ ನಿಲ್ಲಿಸಿದಳು. ಪರದೆಯ ಮೂಲೆಯಲ್ಲಿ 'ಲೆನ್ಸ್ ಇಲ್ಲ' ಎಂದು, ಹಳೆಯ ಲೆನ್ಸನ್ನು ಗುರುತಿಸದ ಕ್ಯಾಮೆರಾ ಹಟ ಹಿಡಿದಿತ್ತು. ಅಂಗಳದ ಸ್ಟೂಲಿನ ಮೇಲೆ ಹೋಗಿ ಕೂತ ಅಜ್ಜಿ ಬರೀ ಮಂಜಾಗಿ ಕಂಡಳು. ಸರಿಪಡಿಸಲು ಭಾಗ್ಯಶ್ರೀ ಬಳೆ ತಿರುಗಿಸಹೋದಳು.

"ಅದಕ್ಕ ಕೈ ಹಚ್ಚಬ್ಯಾಡ. ಅವರು ತಿರುವ್ತಿರಲಿಲ್ಲ, ನಾನೇ ಸರೀತಿದ್ದೆ." ಶಹಾಬಾದ್ ಕಲ್ಲಿನ ಫರಸಿಯ ಮೇಲೆ ಸ್ಟೂಲನ್ನು ಕರಕರ ಎಳೆದುಕೊಂಡು ಅಜ್ಜಿ ಮುಂದೆ ಬಂದು ಕೂತಳು. ಕಣ್ಣು ಮುಚ್ಚಿ, ಏನನ್ನೋ ಆಲಿಸುವವಳಂತೆ ಇನ್ನೂ ತುಸು ಮುಂದಕ್ಕೆ ಬಾಗಿದಳು. ಪರದೆಯಲ್ಲಿ ಮೊದಲು ಮೂಗಿನ ತುದಿ, ಆಮೇಲೆ ಹಣೆಯ ವಿಭೂತಿ, ಕೊನೆಗೆ ರೆಪ್ಪೆಯ ಒಂದೊಂದು ಕೂದಲೂ ಮಂಜಿನಿಂದ ಎದ್ದು ಬಂತು. ಭಾಗ್ಯಶ್ರೀ ಉಸಿರು ಬಿಗಿಹಿಡಿದಳು.

"ಇಷ್ಟೇ ದೂರ ಅಂತ ಹೆಂಗ ಗೊತ್ತಾತು?" ಎಂದಳು ಪಿಸುದನಿಯಲ್ಲಿ.

"ಇಲ್ಲಿಗೆ ಬಂದ್ರ ಅವರ ಉಸಿರು ಕೇಳ್ತಿತ್ತು."

ಭಾಗ್ಯಶ್ರೀ ಅಜ್ಜಿಗೆ ಕೇಳುವಂತೆ ಮೆಲ್ಲನೆ ಉಸಿರು ಬಿಟ್ಟಳು. ಅಜ್ಜಿ ಕಣ್ಣು ತೆರೆದು, ನೇರ ಲೆನ್ಸಿನೊಳಗೆ ನೋಡಿ, ಸೆರಗು ಸರಿಮಾಡಿಕೊಂಡಳು.