ಖಾಲಿ ಜಾಗದ ಮೇಲಿನ ವಿಮಾನ

ಹಸಿರು ಚುಕ್ಕಿ ಮತ್ತೆ ಬಂತು. ಅದೇ ನಡುಮಧ್ಯಾಹ್ನ, ಅದೇ ಜಾಗ.

ಎಂಜಿನಿಯರ್ ಶ್ರೀರಾಮುಲು ಬೆಂಗಳೂರಿಗೆ ಫೋನ್ ಮಾಡಿದ. ಆ ದಿಕ್ಕಿನಲ್ಲಿ ಯಾವ ವಿಮಾನವೂ ಇಲ್ಲವೆಂದರು. ಆದರೆ ಹಿಂದೂಪುರದ ಗುಡ್ಡದ ಮೇಲೆ, ಕರಿಬಟ್ಟೆ ಬಿಗಿದ ಡೇರೆಯೊಳಗಿನ ರೇಡಾರಿನಲ್ಲಿ ಒಂದು ವಿಮಾನ ಮುಂದಕ್ಕೂ ಹೋಗದೆ, ಕೆಳಗೂ ಇಳಿಯದೆ ನೇಕಾರರ ಬಯಲಿನ ನೆತ್ತಿಯಲ್ಲಿ ತೂಗಾಡುತ್ತಿತ್ತು.

"ಹೋಗಿ ನೋಡ್ಕೊಂಡ್ಬಾರಯ್ಯ," ಎಂದು ಶ್ರೀರಾಮುಲು ತಿರುಗುವಷ್ಟರಲ್ಲಿ ಸಹಾಯಕ ಚೆನ್ನಕೇಶವ ಸೈಕಲ್ ಹತ್ತಿಯಾಗಿತ್ತು.

ಈ ಸೀಮೆಯ ಗುಡ್ಡಗಳ ಮರೆಯಲ್ಲಿ ವಿಮಾನಗಳು ಬೆಂಗಳೂರಿನ ರೇಡಾರಿಗೆ ಕಣ್ತಪ್ಪುತ್ತಿದ್ದವು. ಅದಕ್ಕೇ ಇಲ್ಲೊಂದು ಹೊಸ ರೇಡಾರ್ ಬೇಕಾಗಿತ್ತು. ಕಲ್ಯಾಣದುರ್ಗದ ಬೋಳುಗುಡ್ಡದ ಮೇಲೆ ಪರೀಕ್ಷೆ ಮುಗಿದಿತ್ತು. ಅಲ್ಲಿ ಯಂತ್ರ ಚೆನ್ನಾಗಿಯೇ ನಡೆದಿತ್ತು. ಆದರೆ ಅಲ್ಲಿಗೆ ರಸ್ತೆ ಹಾಕಿಸಬೇಕು. ಹಿಂದೂಪುರದಲ್ಲಿ ರಸ್ತೆಯಿತ್ತು, ಗುಡ್ಡದಡಿ ಆಫೀಸು, ಕ್ವಾರ್ಟರ್ಸ್ ಕಟ್ಟಲು ಸರ್ಕಾರಿ ನಕ್ಷೆಯ ಪ್ರಕಾರ ಖಾಲಿ ಜಾಗವೂ ಇತ್ತು.

ಆ ಖಾಲಿ ಜಾಗದಲ್ಲಿ ಒಂದಿಡೀ ಬೀದಿಯ ನೇಕಾರರು ತಲೆತಲಾಂತರದಿಂದ ಮಗ್ಗಕ್ಕೇರಿಸುವ ಹಾಸಿನ ನೂಲನ್ನು ಉದ್ದಕ್ಕೆ ಚಾಚಿ ಹದ ಮಾಡುತ್ತಿದ್ದರು. ಬಯಲಿಲ್ಲದೆ ಹಾಸಿಲ್ಲ, ಹಾಸಿಲ್ಲದ ಮಗ್ಗ ಸೌದೆ. ಕೇಳಲು ಹೋದ ನೇಕಾರರ ಗೌರಕ್ಕನ ಮುಂದೆ ತಾಲ್ಲೂಕು ಆಫೀಸಿನವನು ನಕ್ಷೆ ಹರಡಿ, ಇದರಲ್ಲಿ ನೀವ್ಯಾರೂ ಇಲ್ಲವಲ್ಲ ಎಂದಿದ್ದ.

"ನಾನೇ ಇಲ್ಲ ಅಂದ್ಮೇಲೆ ನೀನು ಯಾರ ಕೂಡೆ ಮಾತಾಡ್ತಿದೀಯಪ್ಪ?" ಎಂದು ಕೇಳಿ ಬಂದಿದ್ದಳು ಗೌರಕ್ಕ.

ಚೆನ್ನಕೇಶವನ ಅತ್ತೆ ಅವಳು. ಅವನು ಕಲ್ಯಾಣದುರ್ಗದವನು, ಹೊಸ ಅಳಿಯ. ಮದುವೆಯ ಚಪ್ಪರದಲ್ಲಿ, ತಮ್ಮ ರೇಡಾರ್ ಮಿಷನ್ನಿಗೆ ಕಾಗದ ಕಾಣದು, ಬೆಳ್ಳಿಯ ಎಳೆಯಾದರೆ ಬಿಡದು ಎಂದು ಕೊಚ್ಚಿಕೊಂಡಿದ್ದ. ಎಲ್ಲರಿಗಿಂತ ಜೋರಾಗಿ ನಕ್ಕವಳು ಮದುಮಗಳು ಗಂಗಾದೇವಿ. ಆಷಾಢ ಹುಟ್ಟಿದೊಡನೆ ಅವಳು ತವರಿಗೆ ಬಂದಳು. ಪರೀಕ್ಷೆಯ ಡೇರೆಯೂ ಹಿಂದೆಯೇ ಬಂದು ತವರಿನ ನೆತ್ತಿಯ ಮೇಲೇ ಕೂತಿತು. ಅಳಿಯ ಹಿಗ್ಗಿ ಓಡಿದ. ಗೌರಕ್ಕ ಬಾಗಿಲಿಗೆ ಅಡ್ಡ ನಿಂತಳು.

"ಆಷಾಢ ಕಣಪ್ಪ. ಅತ್ತೆ ಅಳಿಯ ಒಂದೇ ಹೊಸ್ಲು ದಾಟಂಗಿಲ್ಲ. ಮ್ಯಾಲೇ ಇರಿ, ವಿಮಾನ ಕಾಯ್ಕಂಡು."

ವಿಮಾನ ಮಾರನೆಯ ದಿನವೇ ಬಂದಿತ್ತು.

ಅಂದು ಚೆನ್ನಕೇಶವ ಗುಡ್ಡ ಇಳಿದು ಬಂದಾಗ ಆಷಾಢದ ಗಾಳಿಗೆ ಊರತುಂಬ ಪಟಗಳು. ಒಂದರ ಬಾಲ ಮಾತ್ರ ಥಳಥಳ ಹೊಳೆಯುತ್ತಿತ್ತು. ಬೆಳ್ಳಿಯ ಜರಿ. ಅದರ ದಾರ ಗೌರಕ್ಕನ ಹಿತ್ತಲ ಗೋಡೆಯಾಚೆಗೆ ಇಳಿದಿತ್ತು. ಬಯಲ ಅಂಚಿನ ಹುಣಸೆಯಡಿ, ಹಾಸಿನ ನೂಲಿಗೆ ಮೇಕೆ ಬೀಳದಂತೆ ಕಾಯುತ್ತ ಗಂಗಾದೇವಿ ನಿಂತಿದ್ದಳು. ಜಾಣೆ, ನನ್ನನ್ನು ಕರೆಯಲು ಪಟ ಏರಿಸಿ ದಾರವನ್ನು ಗೂಟಕ್ಕೆ ಕಟ್ಟಿ ಬಂದಿದ್ದಾಳೆ ಎಂದುಕೊಂಡ. ನಾಚಿಕೆಯಿಂದ ಅವನು ಆ ಮಾತೆತ್ತಲಿಲ್ಲ, ಅವಳೂ ಎತ್ತಲಿಲ್ಲ. ಅಂದಿನಿಂದ ಚುಕ್ಕಿ ಕಂಡಾಗಲೆಲ್ಲ ಅವನು ಹುಣಸೆಯಡಿಗೆ ಬರುವನು, ಆಮೇಲೆ ಗುಡ್ಡ ಹತ್ತಿ, ಏನೂ ಇಲ್ಲ ಸಾರ್ ಎನ್ನುವನು. ಆಕಾಶ ನೋಡಲೆಂದೇ ಬಂದ ಶ್ರೀರಾಮುಲು ಡೇರೆಯಿಂದಾಚೆ ತಲೆಯೆತ್ತಿದವನಲ್ಲ.

ಒಂದು ದಿನ ಅತ್ತೆ ಎದುರಾದಳು. ಬೆರಳಿಗೆ ಚಿಂದಿ ಸುತ್ತಿದ್ದಳು. ಏನಾಯಿತೆಂದು ಕೇಳಿದರೆ, ನೂಲು ಕೊಯ್ತು ಎಂದಷ್ಟೇ ಹೇಳಿ ನಡೆದಳು.

ರೇಡಾರ್ ಯಾವ ಗುಡ್ಡಕ್ಕೆಂದು ತೀರ್ಮಾನಿಸಲು ಕಮಿಟಿ ಬರುವ ಸುದ್ದಿ ಬಂತು. ಬಯಲು ಹೋದರೆ ಅತ್ತೆಮನೆಯ ಮಗ್ಗ ನಿಲ್ಲುತ್ತದೆ. ಪಟ ಸಿಕ್ಕಿಬಿದ್ದರೆ ತನ್ನ ಕೆಲಸ. ಚೆನ್ನಕೇಶವ ರಾತ್ರಿಯೆಲ್ಲ ಹೊರಳಾಡಿದ. ಕೊನೆಗೆ ಕೆಲಸವೇ ಗೆದ್ದಿತು.

"ನಾಳೆ ಒಂದಿನ ಬ್ಯಾಡ ಕಣೆ. ದೊಡ್ಡ ಸಾಹೇಬ್ರು ಬತ್ತಾರೆ."

ಗಂಗಾದೇವಿ ಮುಖ ಸಣ್ಣದು ಮಾಡಿಕೊಂಡು ತಲೆಯಾಡಿಸಿದಳು.

ಮರುದಿನ ಕಮಿಟಿಯವರು ತೆರೆಯ ಸುತ್ತ ಕುರ್ಚಿ ಎಳೆದು ಕೂತರು. ನಡುಮಧ್ಯಾಹ್ನ ಚುಕ್ಕಿ ಬಂತು. ಬಂದದ್ದಷ್ಟೇ ಅಲ್ಲ, ಕುಣಿಯಿತು. ಇದ್ಯಾವ ವಿಮಾನ ಎಂದು ಹಿರಿಯರು ಕೇಳಿದರು. ದಿನಾ ಬರುತ್ತೆ ಸಾರ್ ಎಂದು ಶ್ರೀರಾಮುಲು ಬೆವರೊರೆಸಿಕೊಂಡ. ಇಲ್ಲದ್ದನ್ನು ಕಾಣುವ ಜಾಗದಲ್ಲಿ ರೇಡಾರ್ ಇಟ್ಟು ಯಾರನ್ನು ಕಾಯುವುದು? ಹಿಂದೂಪುರದ ಗುಡ್ಡ ಬಿದ್ದುಹೋಯಿತು, ಕಲ್ಯಾಣದುರ್ಗ ಗೆದ್ದಿತು. ಕಮಿಟಿಯವರು ಬಿಸಿಲಿಗೆ ತಲೆ ತಗ್ಗಿಸಿಕೊಂಡೇ ಜೀಪು ಹತ್ತಿದರು.

ಶ್ರಾವಣ ಬಂತು. ಅಳಿಯ ಹೊಸ್ತಿಲು ದಾಟಿ ಎಲೆಯ ಮುಂದೆ ಕೂತ. ಅತ್ತೆ ಒಳಗೆ ಹೋದದ್ದು ನೋಡಿ ಹೆಂಡತಿಯನ್ನು ಮೆಲ್ಲಗೆ ಕೆಣಕಿದ.

"ಬ್ಯಾಡ ಅಂದ್ರೂ ಆವತ್ತು ಪಟ ಹಾರಿಸ್ಬುಟ್ಟೆಯಲ್ಲ."

"ಯಾವ ಪಟ? ನಂಗೆ ಪಟ ಹಾರ್ಸಕ್ಕೇ ಬರಲ್ಲ. ದಿನಾ ಮಧ್ಯಾನ ಹಾಸು ಕಾಯೋಗು ಅಂತ ಅಮ್ಮ ಕಳಿಸ್ತಿದ್ಲು. ನೀವೇ ಬತ್ತಿದ್ರಿ."

ಒಬ್ಬಟ್ಟಿನ ಮೇಲೆ ತುಪ್ಪ ಬಿತ್ತು. ತಲೆಯೆತ್ತಿದರೆ ಗೌರಕ್ಕನ ಕೈ; ಚಿಂದಿ ಬಿಚ್ಚಿದ ತೋರುಬೆರಳಿನಲ್ಲಿ, ಪಟದ ದಾರ ಕೊಯ್ದ ಗೆರೆಗಳು ಇನ್ನೂ ಮಾಸಿರಲಿಲ್ಲ.